ಹೃದಯದ ಆಪರೇಷನ್ ಆದ ಮೇಲೆ ಕಿಡ್ನಿ ಕಾಯಲು ಯಾವ ಮೂತ್ರ ಪರೀಕ್ಷೆ? ಒಂದು ಹೋಲಿಕೆ

ಬೈಪಾಸ್ ಆಪರೇಷನ್ ಮುಗಿದು ರೋಗಿ ಐಸಿಯುಗೆ ಬಂದ ರಾತ್ರಿ, ಹೊರಗೆ ಕೂತ ಮನೆಯವರು ಕೇಳುವ ಮೊದಲ ಮಾತು, "ಹಾರ್ಟ್ ಹೇಗಿದೆ ಡಾಕ್ಟ್ರೇ?" ಒಳಗೆ ನಾವು ಕೇಳುವ ಮೊದಲ ಮಾತು ಬೇರೆ: "ಸಿಸ್ಟರ್, ಯೂರಿನ್ ಎಷ್ಟು ಬಂತು?"

ಮಂಚದ ಪಕ್ಕ ತೂಗುಹಾಕಿದ ಯೂರೋಮೀಟರಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗಂಟೆಗಂಟೆಗೂ ಎಷ್ಟು ಮಿಲಿ ಸೇರಿತು ಎಂಬುದರ ಮೇಲೆ ನಮ್ಮ ಕಣ್ಣಿರುತ್ತದೆ. ಏಕೆಂದರೆ ಹೃದಯದ ಆಪರೇಷನ್ ಆದವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರ ಕಿಡ್ನಿಗೆ ಮೊದಲ ಕೆಲವು ದಿನಗಳಲ್ಲಿ ಪೆಟ್ಟು ಬೀಳುತ್ತದೆ. ವೈದ್ಯರು ಇದನ್ನು ಏಕೆಐ ಎನ್ನುತ್ತಾರೆ, ಅಂದರೆ ಕಿಡ್ನಿಗೆ ಹಠಾತ್ತಾಗಿ ಆಗುವ ಹಾನಿ. ಡಯಾಲಿಸಿಸ್‌ವರೆಗೆ ಹೋಗುವವರು ನೂರಕ್ಕೆ ಒಬ್ಬರಿಂದ ಐವರು. ಸಂಖ್ಯೆ ಚಿಕ್ಕದು, ಆದರೆ ಆ ಗುಂಪಿನಲ್ಲಿ ಜೀವ ಹೋಗುವವರು ಬಹಳ. ಡಯಾಲಿಸಿಸ್ ಬೇಡವಾದವರಿಗೂ ಆಸ್ಪತ್ರೆವಾಸ ಉದ್ದವಾಗುತ್ತದೆ, ಮುಂದಿನ ವರ್ಷಗಳಲ್ಲಿ ಕಿಡ್ನಿಯ ದೀರ್ಘ ಕಾಯಿಲೆ ಬರುವ ಸಂಭವವೂ ಹೆಚ್ಚುತ್ತದೆ.

ಕಾರಣ ಒಂದಲ್ಲ. ಆಪರೇಷನ್ ವೇಳೆ ಹೃದಯದ ಬದಲು ರಕ್ತ ಹರಿಸುವ ಹಾರ್ಟ್-ಲಂಗ್ ಮಷೀನ್ (ಇದನ್ನೇ ನಾವು ಪಂಪ್ ಎನ್ನುತ್ತೇವೆ) ಓಡುವಷ್ಟು ಹೊತ್ತು ರಕ್ತ ನಾಡಿಯಾಗಿ ಮಿಡಿಯದೆ ಒಂದೇ ಸಮ ಹರಿಯುತ್ತದೆ. ಪಂಪಿನಲ್ಲಿ ಕೆಂಪು ರಕ್ತಕಣಗಳು ಒಡೆದು ಹಿಮೋಗ್ಲೋಬಿನ್ ಹೊರಬೀಳುತ್ತದೆ. ಮೈಯೆಲ್ಲ ಉರಿಯೂತ ಏಳುತ್ತದೆ. ಮಹಾಪಧಮನಿಗೆ ಕ್ಲ್ಯಾಂಪ್ ಹಾಕಿ ತೆಗೆಯುವಾಗ ಒಳಗೋಡೆಯ ಕೊಬ್ಬಿನ ಚೂರು ಕಿತ್ತು ಕಿಡ್ನಿಯ ಸಣ್ಣ ನಾಳಗಳಿಗೆ ಹೋಗಬಹುದು. ಕಿಡ್ನಿಯ ಒಳಭಾಗವಂತೂ ಮಾಮೂಲಿ ದಿನಗಳಲ್ಲೇ ಕಡಿಮೆ ಆಮ್ಲಜನಕದಲ್ಲಿ ದುಡಿಯುವ ಜಾಗ, ಅಲ್ಲಿಗೇ ಮೊದಲು ಏಟು.

ಈ ಏಟು ಬಿದ್ದಿದೆಯೇ ಎಂದು ಆದಷ್ಟು ಬೇಗ ಹೇಳುವ ಮೂತ್ರ ಪರೀಕ್ಷೆಗಳು ಈಗ ಹಲವು ಇವೆ. ಯಾವುದನ್ನು ಯಾರಿಗೆ, ಯಾವಾಗ ಮಾಡಿಸುವುದು, ಯಾವುದನ್ನು ಬಿಡುವುದು ಎಂಬ ಗೊಂದಲ ಹೊಸದಾಗಿ ಹೃದಯದ ಐಸಿಯುಗೆ ಬಂದ ಕಿರಿಯ ಡಾಕ್ಟರು, ನರ್ಸುಗಳಿಗೆ ಇದ್ದೇ ಇರುತ್ತದೆ. ಮುಖ್ಯವಾಗಿ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತಮ್ಮವರ ಆಪರೇಷನ್‌ಗೆ ತಯಾರಾಗುತ್ತಿರುವ ಮನೆಯವರೂ ಓದಬಹುದು, ಕಷ್ಟವಾಗದಂತೆ ಬಿಡಿಸಿ ಹೇಳಲು ನೋಡುತ್ತೇನೆ.

ಕ್ರಿಯಾಟಿನಿನ್ ಇರುವಾಗ ಬೇರೆ ಪರೀಕ್ಷೆ ಏಕೆ?

ಇದು ನ್ಯಾಯವಾದ ಪ್ರಶ್ನೆ. ಕ್ರಿಯಾಟಿನಿನ್ ಎಂಬ ರಕ್ತ ಪರೀಕ್ಷೆ ಅಗ್ಗ, ಎಲ್ಲ ಲ್ಯಾಬಿನಲ್ಲೂ ಆಗುತ್ತದೆ, ಕಾಯಿಲೆಯ ವ್ಯಾಖ್ಯೆಯೇ ಅದರ ಮೇಲೆ ನಿಂತಿದೆ. ಕಿಡ್ನಿ ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಕೆಡಿಗೋ ಸಂಸ್ಥೆಯ 2012ರ ಮಾನದಂಡದಂತೆ ಅದು 48 ಗಂಟೆಯೊಳಗೆ ಡೆಸಿಲೀಟರಿಗೆ 0.3 ಮಿಲಿಗ್ರಾಂ ಏರಿದರೆ, ಇಲ್ಲವೇ ಏಳು ದಿನದೊಳಗೆ ಮೊದಲಿನ ಒಂದೂವರೆ ಪಟ್ಟಾದರೆ, ಇಲ್ಲವೇ ಆರು ಗಂಟೆ ಕಾಲ ಮೂತ್ರ ಕೆಜಿಗೆ ಗಂಟೆಗೆ 0.5 ಮಿಲಿಗಿಂತ ಕಡಿಮೆ ಬಂದರೆ ಏಕೆಐ. ಎರಡು ಪಟ್ಟಾದರೆ ಎರಡನೇ ಹಂತ, ಮೂರು ಪಟ್ಟಾದರೆ ಮೂರನೇ ಹಂತ.

ತೊಂದರೆ ಇರುವುದು ವೇಳೆಯಲ್ಲಿ. ಕ್ರಿಯಾಟಿನಿನ್ ಸ್ನಾಯುಗಳಲ್ಲಿ ಹುಟ್ಟುವ ಕಸ, ಕಿಡ್ನಿ ಅದನ್ನು ಹೊರಹಾಕುತ್ತದೆ. ಕಿಡ್ನಿ ಸೋಸುವುದು ಕಡಿಮೆಯಾದ ಕ್ಷಣಕ್ಕೇ ಅದು ಏರುವುದಿಲ್ಲ, ನಿಧಾನಕ್ಕೆ ಶೇಖರವಾಗಿ ಒಂದರಿಂದ ಮೂರು ದಿನದಲ್ಲಿ ಕಾಣಿಸುತ್ತದೆ. ಸಾಲದ್ದಕ್ಕೆ ಪಂಪ್ ತುಂಬಿಸಲು ಹಾಕಿದ ದ್ರವ ಮತ್ತು ಆಪರೇಷನ್ ಹೊತ್ತಿನಲ್ಲಿ ಕೊಟ್ಟ ಡ್ರಿಪ್ ಸೇರಿ ರಕ್ತ ತೆಳುವಾಗಿರುತ್ತದೆ. ಹಾಗಾಗಿ ಆಪರೇಷನ್ ದಿನ ಸಂಜೆ ಕ್ರಿಯಾಟಿನಿನ್ ಸಾಮಾನ್ಯವಾಗಿ ಮೊದಲಿಗಿಂತ ಕೊಂಚ ಇಳಿದೇ ಬರುತ್ತದೆ. ಇಳಿಯಬೇಕಾದದ್ದು ಇಳಿಯದೆ ನಿಂತರೆ ಅದೂ ಒಂದು ಸೂಚನೆಯೇ. ವಿಯೆನ್ನಾದಲ್ಲಿ ಹೃದಯದ ಆಪರೇಷನ್ ಆದ 4118 ಜನರನ್ನು ನೋಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ 48 ಗಂಟೆಯಲ್ಲಿ ಕ್ರಿಯಾಟಿನಿನ್ ಸ್ವಲ್ಪ ಇಳಿದವರಲ್ಲಿ ಸಾವು ಎಲ್ಲರಿಗಿಂತ ಕಡಿಮೆ ಇತ್ತು. 0.5ರ ಒಳಗಿನ ಚಿಕ್ಕ ಏರಿಕೆ ಕಂಡವರಲ್ಲೇ ಅದು ಎರಡೂವರೆ ಪಟ್ಟಿಗಿಂತ ಹೆಚ್ಚಾಗಿತ್ತು.

ಇನ್ನೊಂದು ತೊಂದರೆ ಲ್ಯಾಬ್ ರಿಪೋರ್ಟಿನದು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಐಸಿಯುನಲ್ಲಿ ಮೈಟ್ರಲ್ ವಾಲ್ವ್ ಬದಲಾಯಿಸಿಕೊಂಡ ಒಬ್ಬ ಅಜ್ಜಿ ಇದ್ದರು. ಸಣಕಲು ಮೈ, 41 ಕೆಜಿ. ಆಪರೇಷನ್‌ಗೆ ಮೊದಲು ಕ್ರಿಯಾಟಿನಿನ್ 0.5. ಎರಡನೇ ದಿನ ಬೆಳಿಗ್ಗೆ 0.8. ರಿಪೋರ್ಟಿನಲ್ಲಿ ನಾರ್ಮಲ್ ಮಿತಿಯ ಒಳಗೇ ಇತ್ತು, ದಪ್ಪ ಅಕ್ಷರವಿಲ್ಲ, ನಕ್ಷತ್ರದ ಗುರುತಿಲ್ಲ. ರೌಂಡ್ಸಿನಲ್ಲಿ "ಕ್ರಿಯಾಟ್ ನಾರ್ಮಲ್" ಎಂದು ಓದಿ ಮುಂದಿನ ಮಂಚಕ್ಕೆ ಹೋದೆವು. ನಿಜಕ್ಕೂ 0.3 ಏರಿತ್ತು, ಒಂದೂವರೆ ಪಟ್ಟೂ ದಾಟಿತ್ತು. ನೋವಿಗೆಂದು ಬರೆದಿದ್ದ, ಕಿಡ್ನಿಗೆ ತಾಗುವ ಡೈಕ್ಲೋಫೆನಾಕ್ ಆ ದಿನವೂ ನಡೆಯಿತು. ಮೂರನೇ ಬೆಳಿಗ್ಗೆ 1.3. ಅಜ್ಜಿ ಚೇತರಿಸಿಕೊಂಡರು, ಆದರೆ ಕಳೆದುಹೋದ ಆ ಒಂದು ದಿನ ನನ್ನ ತಲೆಯಲ್ಲಿ ಹಾಗೇ ಕೂತಿದೆ. ಅಂದಿನಿಂದ ಯಾವ ರಿಪೋರ್ಟ್ ಬಂದರೂ ಆಪರೇಷನ್‌ಗೆ ಮೊದಲಿನ ಅಂಕಿಯನ್ನು ಪೆನ್ನಿನಲ್ಲಿ ಪಕ್ಕಕ್ಕೆ ಬರೆದ ಮೇಲೇ ಹೊಸ ಅಂಕಿ ಓದುತ್ತೇನೆ.

ಕಾಸಿಲ್ಲದ ಎರಡು ಉಪಾಯ

ಮಾರ್ಕರುಗಳ, ಅಂದರೆ ಕಿಡ್ನಿಯ ಏಟನ್ನು ಮೂತ್ರದಲ್ಲಿ ತೋರಿಸುವ ಗುರುತುಗಳ, ಮಾತಿಗೆ ಮೊದಲು ಇವೆರಡನ್ನು ಹೇಳಲೇಬೇಕು, ಏಕೆಂದರೆ ಇವು ಸರಿಯಿಲ್ಲದ ಕಡೆ ದುಬಾರಿ ಪರೀಕ್ಷೆಯಿಂದ ಏನೂ ಸಿಗುವುದಿಲ್ಲ.

ಮೊದಲನೆಯದು ಆಪರೇಷನ್‌ಗೆ ಮೊದಲೇ ಅಪಾಯ ಅಳೆಯುವ ಅಂಕಪಟ್ಟಿ. ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸ್ಕೋರ್ 2005ರಲ್ಲಿ ಪ್ರಕಟವಾಯಿತು. 33,217 ಜನರ ದಾಖಲೆಯಿಂದ ಮಾಡಿದ್ದು. ಹೆಣ್ಣಾಗಿದ್ದರೆ ಒಂದು ಅಂಕ, ಹೃದಯ ವೈಫಲ್ಯಕ್ಕೆ ಒಂದು, ಹೃದಯದ ಪಂಪಿಂಗ್ 35 ಶೇಕಡಕ್ಕಿಂತ ಕಡಿಮೆ ಇದ್ದರೆ ಒಂದು, ಇನ್ಸುಲಿನ್ ಬೇಕಾಗುವ ಸಕ್ಕರೆ ಕಾಯಿಲೆಗೆ ಒಂದು, ತುರ್ತು ಆಪರೇಷನ್‌ಗೆ ಎರಡು, ಬೈಪಾಸ್ ಜೊತೆ ವಾಲ್ವ್ ಕೂಡ ಮಾಡಿದರೆ ಎರಡು, ಹೀಗೆ. ಮೊದಲೇ ಕ್ರಿಯಾಟಿನಿನ್ 2.1 ಅಥವಾ ಹೆಚ್ಚಿದ್ದರೆ ಒಂದೇ ಏಟಿಗೆ ಐದು. ಒಟ್ಟು 17. ಇದು ಹೇಳುವುದು ಡಯಾಲಿಸಿಸ್ ಬೇಕಾಗುವ ಸಂಭವವನ್ನು. ಎರಡರೊಳಗೆ ಇದ್ದವರಲ್ಲಿ ಅದು ಇನ್ನೂರಕ್ಕೆ ಒಬ್ಬರಿಗಿಂತ ಕಡಿಮೆ, ಒಂಬತ್ತು ಅಥವಾ ಹೆಚ್ಚು ಬಂದವರಲ್ಲಿ ಐವರಲ್ಲಿ ಒಬ್ಬರಷ್ಟು. ಯಾರಿಗೆ ಮಾರ್ಕರ್ ಮಾಡಿಸಬೇಕು ಎಂದು ಆರಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಎರಡನೆಯದು ಗಂಟೆಯ ಮೂತ್ರ. 60 ಕೆಜಿ ತೂಕದವರಿಗೆ ಗಂಟೆಗೆ 30 ಮಿಲಿ ಗೆರೆ. ಆ ಅಜ್ಜಿಗೆ 20 ಮಿಲಿ. ಎಲ್ಲರಿಗೂ "30 ಬಂದರೆ ಸಾಕು" ಎಂಬ ರೂಢಿ 90 ಕೆಜಿಯವರ ವಿಷಯದಲ್ಲಿ ತಪ್ಪು, ಅವರಿಗೆ 45 ಬೇಕು. ಆದರೆ ಮೊದಲ ಕೆಲವು ಗಂಟೆ ಮೂತ್ರ ಸುಳ್ಳು ಭರವಸೆ ಕೊಡುತ್ತದೆ. ಪಂಪಿನ ದ್ರವದಲ್ಲಿ ಮೂತ್ರ ಬರಿಸುವ ಮ್ಯಾನಿಟಾಲ್ ಹಾಕಿದ್ದರೆ, ಮಧ್ಯೆ ಅದೇ ಕೆಲಸದ ಲ್ಯಾಸಿಕ್ಸ್ ಕೊಟ್ಟಿದ್ದರೆ, ಮೈ ತಣ್ಣಗಾಗಿದ್ದರೆ, ಪೆಟ್ಟು ಬಿದ್ದ ಕಿಡ್ನಿಯಿಂದಲೂ ಬ್ಯಾಗು ತುಂಬುವಷ್ಟು ಬರುತ್ತದೆ. ಮೂತ್ರ ಕಡಿಮೆಯಾಯಿತು ಎಂದು ಹೆದರುವ ನಾವು, ಚೆನ್ನಾಗಿ ಬರುತ್ತಿದೆ ಎಂದು ನೆಮ್ಮದಿಯಾಗಿಬಿಡುವುದೇ ಆ ರಾತ್ರಿಯ ದೊಡ್ಡ ಅಪಾಯ. ಮಾರ್ಕರುಗಳಿಗೆ ನಿಜವಾದ ಜಾಗ ಇರುವುದು ಇಲ್ಲೇ: ಕ್ರಿಯಾಟಿನಿನ್ ಇನ್ನೂ ಸುಮ್ಮನಿರುವ, ಮೂತ್ರವನ್ನು ನಂಬಲಾಗದ ಆ ಮೊದಲ ಹನ್ನೆರಡು ಗಂಟೆ.

ಎನ್‌ಗ್ಯಾಲ್: ಮಕ್ಕಳಲ್ಲಿ ಒಳ್ಳೆಯದು, ದೊಡ್ಡವರಲ್ಲಿ ಎಚ್ಚರ

ಎನ್‌ಗ್ಯಾಲ್ ಒಂದು ಚಿಕ್ಕ ಪ್ರೋಟೀನ್. ಕಿಡ್ನಿಯ ಕೊಳವೆಗಳಿಗೆ ಹಾನಿಯಾದ ಎರಡು ಮೂರು ಗಂಟೆಯಲ್ಲೇ ಮೂತ್ರದಲ್ಲಿ ಹೆಚ್ಚುತ್ತದೆ. ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯಲ್ಲಿ ಪ್ರಸಾದ್ ದೇವರಾಜನ್ ಅವರ ತಂಡ 2005ರಲ್ಲಿ ಇದನ್ನು ಮೊದಲು ತೋರಿಸಿತು. ಹೃದಯದ ಆಪರೇಷನ್ ಆದ 71 ಮಕ್ಕಳಲ್ಲಿ 20 ಮಕ್ಕಳಿಗೆ ಕಿಡ್ನಿ ಹಾನಿಯಾಯಿತು. ಕ್ರಿಯಾಟಿನಿನ್ ಅದನ್ನು ಹೇಳಲು ಒಂದರಿಂದ ಮೂರು ದಿನ ತೆಗೆದುಕೊಂಡಿತು, ಎನ್‌ಗ್ಯಾಲ್ ಎರಡನೇ ಗಂಟೆಗೇ ಹೇಳಿತು. ಪರೀಕ್ಷೆಯ ಒಟ್ಟು ಸಾಮರ್ಥ್ಯ ಅಳೆಯುವ ಒಂದು ಅಂಕಿಯಿದೆ, ಎಯುಸಿ ಎಂದು ಕರೆಯುತ್ತಾರೆ. 0.5 ಬಂದರೆ ನಾಣ್ಯ ಚಿಮ್ಮಿ ಹೇಳಿದಂತೆ, 1 ಬಂದರೆ ಒಂದೂ ತಪ್ಪಿಲ್ಲ. ಆ ಮಕ್ಕಳಲ್ಲಿ ಎನ್‌ಗ್ಯಾಲ್‌ಗೆ ಬಂದದ್ದು 0.998.

ಈ ಅಂಕಿ ಓದಿ ಎಲ್ಲರೂ ಹಿಗ್ಗಿದರು. ಹೃದಯಾಘಾತ ಹಿಡಿಯಲು ಟ್ರೋಪೋನಿನ್ ರಕ್ತ ಪರೀಕ್ಷೆ ಸಿಕ್ಕಂತೆ ಕಿಡ್ನಿಗೂ ಒಂದು ಸಿಕ್ಕಿತು ಎಂದುಕೊಂಡರು. ಆದರೆ ಚಿರಾಗ್ ಪಾರಿಖ್ ಅವರ ಮುಂದಾಳುತನದ ಟ್ರೈಬ್-ಏಕೆಐ ಅಧ್ಯಯನ 1219 ವಯಸ್ಕರಲ್ಲಿ ಅದನ್ನೇ ನೋಡಿ 2011ರಲ್ಲಿ ಪ್ರಕಟಿಸಿದಾಗ ಮೂತ್ರದ ಎನ್‌ಗ್ಯಾಲ್‌ಗೆ ಸಿಕ್ಕಿದ್ದು 0.67. ಒಂದೇ ಪ್ರೋಟೀನ್, ಒಂದೇ ಬಗೆಯ ಆಪರೇಷನ್, ಇಷ್ಟು ಅಂತರ ಏಕೆ? ಆ ಮಕ್ಕಳ ಕಿಡ್ನಿಗೆ ಪಂಪಿನ ಏಟು ಬಿಟ್ಟರೆ ಬೇರೆ ಹಳೆಯ ಕಾಯಿಲೆಯಿರಲಿಲ್ಲ. 65 ವರ್ಷದವರು ಹಾಗಲ್ಲ. ಸಕ್ಕರೆ, ಬಿಪಿ, ಮೊದಲೇ ಸವೆದ ಕಿಡ್ನಿ, ಹೋದ ವಾರವಷ್ಟೇ ಆಂಜಿಯೋಗ್ರಾಂಗೆ ಕೊಟ್ಟ ಡೈ, ಎಲ್ಲ ಹೊತ್ತುಕೊಂಡೇ ಬರುತ್ತಾರೆ. ಅವರ ಎನ್‌ಗ್ಯಾಲ್ ಆಪರೇಷನ್‌ಗೆ ಮೊದಲೇ ಮೇಲಿರಬಹುದು. ಇನ್ನೊಂದು, ಎನ್‌ಗ್ಯಾಲ್ ಎಂಬ ಹೆಸರಿನ ಮೊದಲಕ್ಷರವೇ ನ್ಯೂಟ್ರೋಫಿಲ್‌ನದು. ಆ ಬಿಳಿ ರಕ್ತಕಣಗಳಿಂದಲೂ ಇದು ಬರುತ್ತದೆ. ಮೂತ್ರದ ಸೋಂಕಿದ್ದರೆ, ಮೈಯಲ್ಲಿ ನಂಜೇರಿದ್ದರೆ, ಪಂಪ್ ಉರಿಯೂತ ಎಬ್ಬಿಸಿದ್ದರೆ, ಕಿಡ್ನಿಗೆ ಏನೂ ಆಗದೆಯೂ ಅಂಕಿ ಏರುತ್ತದೆ.

ಎನ್‌ಗ್ಯಾಲ್‌ನ ಪರವಾಗಿ ಒಂದು ದೊಡ್ಡ ಮಾತಿದೆ. ಅದನ್ನು ಲ್ಯಾಬಿನಲ್ಲಿ ಈಗಾಗಲೇ ಇರುವ ಬಯೋಕೆಮಿಸ್ಟ್ರಿ ಅನಲೈಸರಿನಲ್ಲೇ ಓಡಿಸುವ ಕಿಟ್‌ಗಳಿವೆ, ಬೇರೆ ಮಷೀನ್ ಕೊಳ್ಳಬೇಕಿಲ್ಲ. 2023ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟ ಮೂತ್ರದ ಎನ್‌ಗ್ಯಾಲ್ ಪರೀಕ್ಷೆ ಮೂರು ತಿಂಗಳ ಕೂಸಿನಿಂದ 21 ವರ್ಷದವರೆಗೆ ಎಂಬುದನ್ನೂ ಗಮನಿಸಿ. ಮಕ್ಕಳ ಹೃದಯದ ಆಪರೇಷನ್ ನಡೆಯುವ ಕಡೆ ನಾನು ಮೊದಲು ಕೇಳುವ ಮಾರ್ಕರ್ ಇದೇ. ದೊಡ್ಡವರಿಗೆ ಇದನ್ನೇ ಬಳಸುವುದಾದರೆ ಆಪರೇಷನ್‌ಗೆ ಮೊದಲಿನ ಒಂದು ಮಾದರಿಯನ್ನೂ ಮಾಡಿಸಿ ಇಟ್ಟುಕೊಳ್ಳಿ.

ನೆಫ್ರೋಚೆಕ್: ಕೋಶಗಳು ಕೆಲಸ ನಿಲ್ಲಿಸಿದಾಗ

ಇದು ಎರಡು ಪ್ರೋಟೀನುಗಳ ಜೋಡಿ, ಟಿಂಪ್-2 ಮತ್ತು ಐಜಿಎಫ್‌ಬಿಪಿ-7. ಎರಡರ ಮಟ್ಟವನ್ನೂ ಅಳೆದು ಗುಣಿಸಿ ಒಂದೇ ಅಂಕಿಯಾಗಿ ಕೊಡುತ್ತಾರೆ. ಇವು ಹೇಳುವುದು ಎನ್‌ಗ್ಯಾಲ್ ಹೇಳುವುದಕ್ಕಿಂತ ಬೇರೆ ಸಂಗತಿ. ಕೊಳವೆಯ ಜೀವಕೋಶಕ್ಕೆ ಆಮ್ಲಜನಕದ ಕೊರತೆಯೋ ವಿಷವೋ ತಾಗಿದಾಗ ಅದು ತಕ್ಷಣ ಸಾಯುವುದಿಲ್ಲ. ಹಾಳಾದ ಡಿಎನ್‌ಎ ಇಟ್ಟುಕೊಂಡು ಒಡೆದು ಎರಡಾಗಬಾರದು ಎಂದು ವಿಭಜನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತದೆ. ಬಿರುಗಾಳಿ ಬರುವ ಮುನ್ನ ಅಂಗಡಿಯವರು ಶಟರ್ ಎಳೆದ ಹಾಗೆ. ಆ ಶಟರಿನ ಸದ್ದು ಮೂತ್ರದಲ್ಲಿ ಈ ಎರಡು ಪ್ರೋಟೀನುಗಳಾಗಿ ಕೇಳಿಸುತ್ತದೆ. ಹಾಗಾಗಿ ಇದನ್ನು ಹಾನಿಯ ಗುರುತು ಅನ್ನುವುದಕ್ಕಿಂತ ಒತ್ತಡದ ಗುರುತು ಅನ್ನುವುದು ಸರಿ. ಒತ್ತಡದ ಹಂತದಲ್ಲೇ ತಿಳಿದರೆ ಇನ್ನೂ ತಡೆಯಲು ಅವಕಾಶವಿರುತ್ತದೆ.

2013ರ ಸಫೈರ್ ಅಧ್ಯಯನದಲ್ಲಿ ಐಸಿಯುನ 728 ಜನರ ಮೇಲೆ ಇದನ್ನು ಪರೀಕ್ಷಿಸಿದರು, ಎಯುಸಿ 0.80 ಬಂತು. 2014ರಲ್ಲಿ ಎಫ್‌ಡಿಎ ಒಪ್ಪಿತು: ಐಸಿಯುನಲ್ಲಿರುವ 21 ವರ್ಷ ಮೀರಿದವರಿಗೆ, ಮುಂದಿನ 12 ಗಂಟೆಯಲ್ಲಿ ಎರಡನೇ ಅಥವಾ ಮೂರನೇ ಹಂತದ ಹಾನಿ ಬರುವ ಅಪಾಯ ತಿಳಿಯಲು. ಮಂಚದ ಹತ್ತಿರ ಇಡಬಹುದಾದ ಚಿಕ್ಕ ಮೀಟರಿನಲ್ಲಿ ಸುಮಾರು 20 ನಿಮಿಷಕ್ಕೆ ಉತ್ತರ ಸಿಗುತ್ತದೆ. ತೊಡಕು ದುಡ್ಡಿನದು: ಪ್ರತಿ ಸಲವೂ ಹೊಸ ಕಾರ್ಟ್ರಿಜ್, ಮೇಲೆ ಮೀಟರು. ಮೂತ್ರದಲ್ಲಿ ಅಲ್ಬುಮಿನ್ ತುಂಬ ಇದ್ದರೆ ಫಲಿತಾಂಶವನ್ನು ನಂಬುವಂತಿಲ್ಲ. ಸಕ್ಕರೆ ಕಾಯಿಲೆಯಿಂದ ಪ್ರೋಟೀನ್ ಸೋರುವ ರೋಗಿಗಳು ನಮ್ಮಲ್ಲಿ ಎಷ್ಟು ಜನ ಎಂದು ಯೋಚಿಸಿದರೆ ಇದು ಚಿಕ್ಕ ಮಾತಲ್ಲ.

ಇಲ್ಲಿ ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಎರಡು ಗೆರೆಗಳಿವೆ, 0.3 ಮತ್ತು 2.0. ಐಸಿಯುನಲ್ಲಿ ನಡೆದ ಪರೀಕ್ಷೆಯಲ್ಲಿ 0.3ರ ಗೆರೆ, ನಿಜವಾಗಿ ಹಾನಿಗೊಳಗಾಗುವ ನೂರು ಜನರಲ್ಲಿ 92 ಜನರನ್ನು ಹಿಡಿಯಿತು. ಆದರೆ ಏನೂ ಆಗದ ನೂರು ಜನರಲ್ಲಿ ಬರೀ 46 ಜನರನ್ನು "ಇಲ್ಲ" ಎಂದು ಬಿಟ್ಟಿತು. ನಮ್ಮಲ್ಲಿ ಈ ತಿಂಗಳು 100 ಆಪರೇಷನ್ ಆದವು, ಅವರಲ್ಲಿ 10 ಜನರಿಗೆ ಎರಡನೇ ಹಂತ ದಾಟುವ ಹಾನಿ ಬರಲಿದೆ ಎಂದು ಇಟ್ಟುಕೊಳ್ಳಿ. 0.3ರ ಗೆರೆ ಆ ಹತ್ತರಲ್ಲಿ ಒಂಬತ್ತು ಜನರನ್ನು ಹಿಡಿಯುತ್ತದೆ. ಜೊತೆಗೆ ಏನೂ ಆಗದ 90 ಜನರಲ್ಲಿ 49 ಜನರ ಮೇಲೂ ಕೆಂಪು ದೀಪ ಹಾಕುತ್ತದೆ. ಅಂದರೆ ಪಾಸಿಟಿವ್ ಬಂದ 58 ಜನರಲ್ಲಿ ನಿಜವಾದವರು ಒಂಬತ್ತೇ ಜನ. ನೆಗೆಟಿವ್ ಬಂದ 42 ಜನರಲ್ಲಿ ತಪ್ಪಿಹೋದವರು ಒಬ್ಬರು.

2.0ರ ಗೆರೆಗೆ ಹೋದರೆ ಸುಳ್ಳು ಕರೆ ನಾಲ್ಕೈದಕ್ಕೆ ಇಳಿಯುತ್ತದೆ, ಆದರೆ ನಿಜವಾದ ಹತ್ತು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೈತಪ್ಪುತ್ತಾರೆ. ಹಾಗಾಗಿ 0.3ಕ್ಕಿಂತ ಕಡಿಮೆ ಬಂದವರ ವಿಷಯದಲ್ಲಿ ಸ್ವಲ್ಪ ಉಸಿರು ಬಿಡಬಹುದು, 2.0 ದಾಟಿದವರ ಬಳಿ ಒಬ್ಬರು ನಿಂತೇ ಇರಬೇಕು. ನಡುವೆ ಬಂದವರಿಗೆ ಖರ್ಚಿಲ್ಲದ, ಕೇಡಿಲ್ಲದ ಎಚ್ಚರಿಕೆಗಳನ್ನು ಕೊಡುವುದು. ಮನೆಯವರಿಗೆ "ಕಿಡ್ನಿ ಹೋಗುತ್ತೆ" ಎಂದು ಹೇಳಿ ಹೆದರಿಸಲು 0.3ರ ಪಾಸಿಟಿವ್ ಆಧಾರವಲ್ಲ.

ಮಿಕ್ಕ ಮೂರು

ಐಎಲ್-18, ಕಿಮ್-1, ಎಲ್-ಎಫ್‌ಎಬಿಪಿ. ಇವೂ ಮೂತ್ರದಲ್ಲಿ ಅಳೆಯುವ ಪ್ರೋಟೀನುಗಳೇ, ಬೇಗ ಹೇಳಿ ಮುಗಿಸುತ್ತೇನೆ. ಟ್ರೈಬ್ ಅಧ್ಯಯನದ ವಯಸ್ಕರಲ್ಲಿ ಐಎಲ್-18 ಮೂತ್ರದ ಎನ್‌ಗ್ಯಾಲ್‌ಗಿಂತ ಚೂರು ಮೇಲೆ, ಎಯುಸಿ 0.74. ಕಿಮ್-1 ಕೊಳವೆಯ ಮೊದಲ ಭಾಗದ ಹಾನಿಗೆ ಒಳ್ಳೆಯ ಗುರುತು, ಆದರೆ ನಿಧಾನಕ್ಕೆ ಏರುತ್ತದೆ, ಮೊದಲ ರಾತ್ರಿಯ ಕೆಲಸಕ್ಕೆ ಬರುವುದಿಲ್ಲ. ಎಲ್-ಎಫ್‌ಎಬಿಪಿ ಜಪಾನಿನಲ್ಲಿ 2011ರಿಂದ ವಿಮೆಯಡಿ ಸಿಗುತ್ತದೆ, ಅಲ್ಲಿ ಮಂಚದ ಬಳಿಯೇ ಮಾಡುವ ಕಿಟ್ ಕೂಡ ಇದೆ. ನಮ್ಮ ಕಡೆಯ ಐಸಿಯುನಲ್ಲಿ ನಿತ್ಯ ಬಳಕೆಗೆ ಈ ಮೂರರಲ್ಲಿ ಯಾವುದನ್ನೂ ನಾನು ಇಂದು ಸೂಚಿಸುವುದಿಲ್ಲ.

ಪಾಸಿಟಿವ್ ಬಂತು. ಈಗ ಏನು?

ನನ್ನ ಮಟ್ಟಿಗೆ ಆಯ್ಕೆ ನಿರ್ಧಾರವಾಗುವುದು ಇಲ್ಲಿ. ಪರೀಕ್ಷೆ ಪಾಸಿಟಿವ್ ಬಂದರೆ ಮುಂದಿನ ನಾಲ್ಕು ಗಂಟೆಯಲ್ಲಿ ನಾವು ಮಾಡುವುದು ಬದಲಾಗುತ್ತದೆಯೇ? ಬದಲಾಗದಿದ್ದರೆ ಯಾವ ಮಾರ್ಕರೂ ಬೇಡ, ಆ ದುಡ್ಡಿಗೆ ಒಬ್ಬ ರಾತ್ರಿಪಾಳಿ ನರ್ಸ್ ಇಟ್ಟುಕೊಳ್ಳುವುದು ಲೇಸು.

ಬದಲಾದರೆ ಪ್ರಯೋಜನವಿದೆ ಎಂದು ತೋರಿಸಿದ್ದು ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ನಡೆದ ಪ್ರೆವ್-ಏಕೆಐ ಪ್ರಯೋಗ, 2017ರಲ್ಲಿ ಪ್ರಕಟವಾಯಿತು. ಪಂಪ್ ನಿಲ್ಲಿಸಿದ ನಾಲ್ಕು ಗಂಟೆಗೆ ನೆಫ್ರೋಚೆಕ್ 0.3 ದಾಟಿದ 276 ಜನರನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಎಂದಿನ ಆರೈಕೆ, ಇನ್ನೊಂದಕ್ಕೆ ಕೆಡಿಗೋ ಸೂಚಿಸಿದ ಕ್ರಮಗಳ ಕಟ್ಟು. ಎಂದಿನ ಆರೈಕೆಯವರಲ್ಲಿ ನೂರಕ್ಕೆ 71.7 ಜನರಿಗೆ ಕಿಡ್ನಿ ಹಾನಿಯಾಯಿತು, ಕಟ್ಟಿನವರಲ್ಲಿ 55.1. ಎರಡನೇ ಮೂರನೇ ಹಂತದ ಹಾನಿ 44.9ರಿಂದ 29.7ಕ್ಕೆ ಇಳಿಯಿತು. ಆಮೇಲೆ 12 ಕೇಂದ್ರಗಳಲ್ಲಿ 278 ಜನರ ಮೇಲೆ ಮಾಡಿ ನೋಡಿದಾಗ ಒಟ್ಟು ಹಾನಿಯಲ್ಲಿ ವ್ಯತ್ಯಾಸ ಬರಲಿಲ್ಲ, ಆದರೆ ತೀವ್ರ ಹಂತಗಳು 23.9ರಿಂದ 14.0ಕ್ಕೆ ಇಳಿದವು. ಡಯಾಲಿಸಿಸ್ ಅಥವಾ ಸಾವು ಕಡಿಮೆಯಾಯಿತು ಎಂದು ಇವುಗಳಿಂದ ಹೇಳಲಾಗದು, ಅದಕ್ಕೆ ಇವು ಚಿಕ್ಕ ಪ್ರಯೋಗಗಳು.

ಆ ಕಟ್ಟಿನಲ್ಲಿ ಇರುವುದು ಏನು ಗೊತ್ತೇ? ಹೊಸ ಔಷಧಿ ಒಂದೂ ಇಲ್ಲ. ಬಿಪಿಗೆ ಕೊಡುತ್ತಿದ್ದ ಎನಲಾಪ್ರಿಲ್, ಟೆಲ್ಮಿಸಾರ್ಟನ್ ಬಗೆಯ ಮಾತ್ರೆಗಳನ್ನು 48 ಗಂಟೆ ನಿಲ್ಲಿಸುವುದು. ಕಿಡ್ನಿಗೆ ತಾಗುವ ಔಷಧಿ, ಎಂದರೆ ಡೈಕ್ಲೋಫೆನಾಕ್ ಜಾತಿಯ ನೋವುನಿವಾರಕ, ಜೆಂಟಾಮೈಸಿನ್, ಅಮಿಕಾಸಿನ್ ಆದಷ್ಟು ಬಿಡುವುದು. ಡೈ ಹಾಕುವ ಸ್ಕ್ಯಾನ್ ಮುಂದೂಡಲು ಆದರೆ ಮುಂದೂಡುವುದು. ಸಕ್ಕರೆ ಏರದಂತೆ ಮೂರು ದಿನ ಬಿಗಿಯಾಗಿ ಕಾಯುವುದು. ದ್ರವ ಎಷ್ಟು ಬೇಕು, ಹೃದಯ ಎಷ್ಟು ಪಂಪ್ ಮಾಡುತ್ತಿದೆ ಎಂದು ಅಳೆದು ಡ್ರಿಪ್ ಮತ್ತು ಬಿಪಿ ಔಷಧಿ ಸರಿಹೊಂದಿಸುವುದು. ಇದರಲ್ಲಿ ಕಷ್ಟದ್ದು ಕೊನೆಯದೊಂದೇ. ಮೂತ್ರ ಬರುತ್ತಿಲ್ಲ ಎಂದರೆ ಡ್ರಿಪ್ ಜೋರು ಬಿಡುವುದು ನಮ್ಮಲ್ಲಿ ರೂಢಿ. ಬಲಭಾಗದ ಹೃದಯ ದುರ್ಬಲವಾಗಿರುವವರಿಗೆ ಹಾಗೆ ಮಾಡಿದರೆ ಕಿಡ್ನಿಯ ಸಿರೆಗಳಲ್ಲಿ ಒತ್ತಡ ಏರಿ ಇನ್ನಷ್ಟು ಕೆಡುತ್ತದೆ. ಎಕೋ ಪ್ರೋಬ್ ಎದೆಗೆ ಇಟ್ಟು ನೋಡದೆ ಎರಡನೇ ಬಾಟಲು ಏರಿಸಬೇಡಿ. "ಕಿಡ್ನಿ ಡೋಸ್" ಡೋಪಮೀನ್ ಅಂತ ಹಿಂದೆ ಕೊಡುತ್ತಿದ್ದದ್ದು ಕಿಡ್ನಿಯನ್ನು ಕಾಪಾಡುವುದಿಲ್ಲ ಎಂದು 2000ದಲ್ಲೇ ಗೊತ್ತಾಗಿದೆ. ಲ್ಯಾಸಿಕ್ಸ್ ಮೂತ್ರ ಬರಿಸುತ್ತದೆಯೇ ಹೊರತು ಹಾನಿ ತಡೆಯುವುದಿಲ್ಲ.

ಔಷಧಿಯ ಕಡೆ ಆಸೆ ಹುಟ್ಟಿಸಿರುವುದು ಅಮೈನೋ ಆಸಿಡ್ ಡ್ರಿಪ್. 2024ರಲ್ಲಿ ಪ್ರಕಟವಾದ ಪ್ರೊಟೆಕ್ಷನ್ ಪ್ರಯೋಗದಲ್ಲಿ ಹೃದಯದ ಆಪರೇಷನ್ ಆದ 3511 ಜನರಲ್ಲಿ ಕಿಡ್ನಿ ಹಾನಿ 31.7ರಿಂದ 26.9 ಶೇಕಡಕ್ಕೆ ಇಳಿಯಿತು. ಅದನ್ನು ಆಪರೇಷನ್ ಹೊತ್ತಿಗೇ ಶುರುಮಾಡುತ್ತಾರೆ, ಮಾರ್ಕರ್ ನೋಡಿ ಅಲ್ಲ.

ಹಾನಿ ಆಗಿಯೇ ಹೋಗಿದ್ದರೆ

ಕ್ರಿಯಾಟಿನಿನ್ ಏರಿದ ಮೇಲೆ ಎನ್‌ಗ್ಯಾಲ್, ನೆಫ್ರೋಚೆಕ್ ಮಾಡಿಸುವವರನ್ನು ನೋಡಿದ್ದೇನೆ. ಬೇಡ. ಆಗಿನ ಪ್ರಶ್ನೆಯೇ ಬೇರೆ: ಇದು ಇಲ್ಲಿಗೆ ನಿಲ್ಲುತ್ತದೆಯೋ, ಡಯಾಲಿಸಿಸ್ ಕಡೆಗೆ ಹೋಗುತ್ತದೆಯೋ? ಅದಕ್ಕೆ ಸಿಸಿಎಲ್-14 ಎಂಬ ಮೂತ್ರದ ಮಾರ್ಕರ್ ಬಂದಿದೆ. 2020ರ ರೂಬಿ ಅಧ್ಯಯನದಲ್ಲಿ ತೀವ್ರ ಹಾನಿ ಹಲವು ದಿನ ಮುಂದುವರಿಯುವವರನ್ನು 0.83ರ ಎಯುಸಿಯಲ್ಲಿ ಗುರುತಿಸಿತು. ಆದರೆ ಅದಕ್ಕಿಂತ ಮೊದಲು ಎಲ್ಲ ಆಸ್ಪತ್ರೆಯ ಔಷಧಿ ಕಪಾಟಿನಲ್ಲೂ ಇರುವ ಒಂದನ್ನು ಬಳಸಿ: ಲ್ಯಾಸಿಕ್ಸ್, ಔಷಧಿಯಾಗಿ ಅಲ್ಲ, ಪರೀಕ್ಷೆಯಾಗಿ.

ಕಿಡ್ನಿ ಹಾನಿಯ ಮೊದಲೆರಡು ಹಂತದಲ್ಲಿರುವ, ನಿರ್ಜಲೀಕರಣ ಇಲ್ಲದ ರೋಗಿಗೆ ಕೆಜಿಗೆ 1 ಮಿಲಿಗ್ರಾಂ, ಮೊದಲೇ ಲ್ಯಾಸಿಕ್ಸ್ ತೆಗೆದುಕೊಳ್ಳುತ್ತಿದ್ದರೆ 1.5 ಮಿಲಿಗ್ರಾಂ, ಒಂದೇ ಸಲ ರಕ್ತನಾಳಕ್ಕೆ. ಆಮೇಲೆ ಗಡಿಯಾರ ನೋಡುವುದು. ಎರಡು ಗಂಟೆಯಲ್ಲಿ 200 ಮಿಲಿ ದಾಟಿದರೆ ಕೊಳವೆಗಳು ಇನ್ನೂ ಕೆಲಸ ಮಾಡುತ್ತಿವೆ. ದಾಟದಿದ್ದರೆ ಮೂರನೇ ಹಂತಕ್ಕೆ ಹೋಗುವ ಸಂಭವ ಬಹಳ. 2013ರಲ್ಲಿ 77 ಜನರ ಮೇಲೆ ನೋಡಿದಾಗ ಕೆಡುವವರಲ್ಲಿ ನೂರಕ್ಕೆ 87 ಜನರನ್ನು, ಕೆಡದವರಲ್ಲಿ 84 ಜನರನ್ನು ಇದು ಸರಿಯಾಗಿ ಹೇಳಿತು. ಕೆಲವು ರೂಪಾಯಿಯ ಇಂಜೆಕ್ಷನ್ ಇದು. ಹೊರಹೋದ ನೀರನ್ನು ಲೆಕ್ಕ ಹಾಕಿ, ಬೇಕಿದ್ದರೆ ಮರಳಿ ಕೊಡುವುದನ್ನು ಮಾತ್ರ ಮರೆಯಬೇಡಿ. ಪೊಟ್ಯಾಷಿಯಂ ಕೂಡ ನೋಡಿ, ಹೊಸದಾಗಿ ಹೊಲಿದ ಹೃದಯ ಅದರ ಏರಿಳಿತ ತಡೆಯುವುದಿಲ್ಲ.

ನನ್ನನ್ನು ಕೇಳಿದರೆ

ಹುಟ್ಟಿನಿಂದ ಹೃದಯದಲ್ಲಿ ರಂಧ್ರವಿರುವ ಮಗು, ಪಂಪ್ ಮೇಲೆ ಆಪರೇಷನ್: ಎನ್‌ಗ್ಯಾಲ್, ಎರಡರಿಂದ ಆರನೇ ಗಂಟೆಯೊಳಗೆ.

ಕ್ಲೀವ್‌ಲ್ಯಾಂಡ್ ಸ್ಕೋರ್ ಎರಡರೊಳಗಿರುವ, ಪಂಪ್ ಹೊತ್ತು ಚಿಕ್ಕದಾಗಿದ್ದ ವಯಸ್ಕರು: ಯಾವ ಮಾರ್ಕರೂ ಬೇಡ. ಗಂಟೆಯ ಮೂತ್ರ, ದಿನಕ್ಕೊಂದು ಕ್ರಿಯಾಟಿನಿನ್ ಸಾಕು.

ಸ್ಕೋರ್ ಐದು ದಾಟಿದವರು, ವಾಲ್ವ್ ಜೊತೆ ಬೈಪಾಸ್ ಆದವರು, ಎರಡನೇ ಸಲ ಎದೆ ತೆರೆಸಿಕೊಂಡವರು: ನೆಫ್ರೋಚೆಕ್, ಪಂಪ್ ನಿಂತ ನಾಲ್ಕನೇ ಗಂಟೆಗೆ, ಆದರೆ ಕ್ರಮಗಳ ಕಟ್ಟನ್ನು ಅಂದೇ ಶುರುಮಾಡುವ ತಯಾರಿ ಇದ್ದರೆ ಮಾತ್ರ. ವಾತಜ್ವರದಿಂದ ಎರಡೆರಡು ವಾಲ್ವ್ ಕೆಟ್ಟು, ಗಂಟೆಗಟ್ಟಲೆ ಪಂಪ್ ಮೇಲಿದ್ದು ಬರುವ ಕಡಿಮೆ ವಯಸ್ಸಿನವರು ನಮ್ಮ ಕರ್ನಾಟಕದ ಐಸಿಯುಗಳಲ್ಲಿ ಇಂದಿಗೂ ಇದ್ದಾರೆ. ವಯಸ್ಸು ನೋಡಿ ಅವರನ್ನು ಕಡಿಮೆ ಅಪಾಯದವರ ಸಾಲಿಗೆ ಸೇರಿಸಬೇಡಿ.

ಮೂತ್ರದಲ್ಲಿ ಮೊದಲೇ ಪ್ರೋಟೀನ್ ಸೋರುತ್ತಿರುವವರು, ಕ್ರಿಯಾಟಿನಿನ್ 2ರ ಆಸುಪಾಸು ಇರುವವರು: ಪರೀಕ್ಷೆ ಮಾಡಿ ಕೊಡುವ ಎಚ್ಚರಿಕೆಯನ್ನು ಪರೀಕ್ಷೆ ಇಲ್ಲದೆಯೇ ಎಲ್ಲರಿಗೂ ಕೊಡಿ. ಇವರಲ್ಲಿ ಎರಡೂ ಮಾರ್ಕರುಗಳು ಗೊಂದಲ ಮಾಡುತ್ತವೆ.

ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಮಂಗಳೂರಿನಲ್ಲೂ ಈಗ ಹೃದಯದ ಆಪರೇಷನ್ ನಡೆಯುತ್ತದೆ. ಮಾರ್ಕರ್ ಮಾದರಿಯನ್ನು ಬೇರೆ ಊರಿಗೆ ಕಳಿಸಿ ಮರುದಿನ ಉತ್ತರ ಬರುವ ಸ್ಥಿತಿ ಇದ್ದರೆ ಅದನ್ನು ಬಿಟ್ಟುಬಿಡಿ, ಅಷ್ಟರಲ್ಲಿ ಕ್ರಿಯಾಟಿನಿನ್ನೇ ಹೇಳಿರುತ್ತದೆ.

ಮಾದರಿ ತೆಗೆಯುವ ವಿಷಯ ಸಣ್ಣದೆನಿಸುತ್ತದೆ, ಆದರೆ ನಾನು ಕಂಡ ಕೆಟ್ಟ ಫಲಿತಾಂಶಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಬಂದದ್ದು. ಬ್ಯಾಗಿನಿಂದ ಮೂತ್ರ ತೆಗೆಯಬೇಡಿ. ಅದರಲ್ಲಿ ಆಪರೇಷನ್ ಥಿಯೇಟರಿನ ಮೂತ್ರವೂ ಬೆರೆತಿರುತ್ತದೆ, ನೀವು ಅಳೆಯುವುದು ಮಧ್ಯಾಹ್ನದ ಕಿಡ್ನಿಯನ್ನಾಗುತ್ತದೆ. ಕೊಳವೆಯಲ್ಲಿರುವುದನ್ನು ಪೂರ್ತಿ ಇಳಿಸಿ, ಕ್ಯಾತಿಟರಿನ ಪೋರ್ಟ್ ಕೆಳಗೆ ಸ್ವಲ್ಪ ಹೊತ್ತು ಕ್ಲ್ಯಾಂಪ್ ಹಾಕಿ, ತಾಜಾ ಬಂದದ್ದನ್ನು ಸಿರಿಂಜಿನಲ್ಲಿ ಎಳೆದು, ಪಂಪ್ ನಿಲ್ಲಿಸಿದ ವೇಳೆ ಮತ್ತು ಮೂತ್ರ ತೆಗೆದ ವೇಳೆ ಎರಡನ್ನೂ ಡಬ್ಬಿಯ ಮೇಲೆ ಬರೆಯಿರಿ. ಕ್ಲ್ಯಾಂಪ್ ತೆಗೆಯುವುದನ್ನು ಮರೆತರೆ ಮುಂದಿನ ಗಂಟೆಯ ಮೂತ್ರ ಸೊನ್ನೆ ಬಂದು ಇಡೀ ಐಸಿಯು ಓಡಾಡಬೇಕಾಗುತ್ತದೆ.

ಇನ್ನೊಂದು ಗುಂಪಿನವರು ಉಳಿದರು. ಮಾರ್ಕರ್ ಪಾಸಿಟಿವ್ ಬಂದು, ಕ್ರಿಯಾಟಿನಿನ್ ಕೊನೆಗೂ ಏರದೆ ಮನೆಗೆ ಹೋಗುವವರು. ಮೊದಲು ಇವರನ್ನು ಸುಳ್ಳು ಪಾಸಿಟಿವ್ ಎಂದು ಮರೆತುಬಿಡುತ್ತಿದ್ದೆವು. 2020ರ ತಜ್ಞರ ಸಮ್ಮತಿ ಇವರಿಗೂ ಒಂದು ಹೆಸರು ಸೂಚಿಸಿದೆ, ಹಂತ 1-ಎಸ್: ಸೋಸುವ ಕೆಲಸ ಕೆಟ್ಟಿಲ್ಲ, ಆದರೆ ಕಿಡ್ನಿಗೆ ಏಟು ತಾಗಿದೆ. ಹಾಗಾಗಿ ಏಳೆಂಟನೇ ದಿನ ಡಿಸ್ಚಾರ್ಜ್ ಚೀಟಿ ಬರೆಯುವಾಗ, ಕ್ರಿಯಾಟಿನಿನ್ ಏರಿದವರಿಗೂ ಮಾರ್ಕರ್ ಮಾತ್ರ ಏರಿದವರಿಗೂ ಎರಡು ಸಾಲು ಕನ್ನಡದಲ್ಲೇ ದೊಡ್ಡದಾಗಿ ಬರೆದುಕೊಡುತ್ತೇನೆ. ಮೂರು ತಿಂಗಳಿಗೆ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿಕೊಂಡು ಬನ್ನಿ. ಎದೆಯ ಗಾಯ ನೋಯುತ್ತಿದೆ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ತೆಗೆದುಕೊಳ್ಳಬೇಡಿ, ಈ ಚೀಟಿ ತೋರಿಸಿ ಪ್ಯಾರಾಸಿಟಮಾಲ್ ಮಾತ್ರ ಕೇಳಿ. ಚೀಟಿಯನ್ನು ರೋಗಿಯ ಕೈಗೆ ಕೊಡುವುದಕ್ಕಿಂತ ಜೊತೆಗೆ ಬಂದ ಮಗಳಿಗೋ ಸೊಸೆಗೋ ಕೊಟ್ಟು, ಒಂದು ಸಲ ಅವರ ಬಾಯಲ್ಲೇ ಓದಿಸಿ ಕಳಿಸುತ್ತೇನೆ.